ಸಿಗ್ನಲ್ ಬಂಡೆಯ ಭದ್ರತಾ ಮಂಡಳಿ

ಶಿರಸಿಯಿಂದ ಕುಮಟಾ ರಸ್ತೆಯಲ್ಲಿ ಹೊರಟು, ದೇವಿಮನೆ ಘಟ್ಟ ಇಳಿಯುವ ಮೊದಲೇ ಒಳದಾರಿ ಹಿಡಿದರೆ ನಮ್ಮೂರು. ಮೊಬೈಲ್ ಎಲ್ಲರ ಹತ್ತಿರವೂ ಇದೆ. ಸಿಗ್ನಲ್ ಮಾತ್ರ ಒಂದೇ ಕಡೆ. ಹಳ್ಳ ದಾಟಿ ಸ್ವಲ್ಪ ಗುಡ್ಡ ಹತ್ತಿದರೆ ಒಂದು ಬಂಡೆ ಸಿಗುತ್ತದೆ. ಅದರ ಮೇಲೆ ಬಡಗು ದಿಕ್ಕಿಗೆ ಮುಖ ಮಾಡಿ ಕೂತರೆ ಎರಡು ಕಡ್ಡಿ, ನಿಂತರೆ ಮೂರು. ರಾತ್ರಿ ಊಟ ಮುಗಿಸಿ, ಕವಳದ ಸಂಚಿ ಹಿಡಿದು ಏಳೆಂಟು ಜನ ಅಲ್ಲಿ ಸೇರುತ್ತೇವೆ. ಸೇರಿ ಮಾತಾಡುವುದಿಲ್ಲ. ಟೈಪ್ ಮಾಡುತ್ತೇವೆ.

ಹೊಸಬರು ನೋಡಿದರೆ ಹೆದರಿಯಾರು. ಕತ್ತಲಲ್ಲಿ ಎಂಟು ಮುಖ, ಕೆಳಗಿನಿಂದ ನೀಲಿ ಬೆಳಕು, ಥೇಟ್ ಯಕ್ಷಗಾನದ ರಾಕ್ಷಸ ವೇಷ. ನನ್ನ ಎಡಕ್ಕೆ ಕೂತ ಮೇಲಿನಮನೆ ಭಾವ, ಬಲಕ್ಕೆ ಕೂತ ರಿಟೈರ್ಡ್ ಮಾಸ್ತರರಿಗೆ ಊರಿನ ವಾಟ್ಸಾಪ್ ಗುಂಪಿನಲ್ಲಿ ಬರೆಯುತ್ತಾನೆ: 'ನಿಮ್ಮಂಥವರಿಂದಲೇ ದೇಶ ಹಾಳಾಗಿದ್ದು.' ಆ ಸಾಲು ಅವನ ಕೈಯಿಂದ ಹೊರಟು, ಸಮುದ್ರದಾಚೆಯ ಯಾವುದೋ ಸರ್ವರ್ ಸುತ್ತಿ, ನನ್ನ ಮೂಗಿನ ಮುಂದೆ ಹಾದು ಮಾಸ್ತರರ ಕೈಯಲ್ಲಿ ಟಿಂಗ್ ಅನ್ನುತ್ತದೆ. ಮಾಸ್ತರರು ಕನ್ನಡಕ ಸರಿಮಾಡಿಕೊಂಡು, 'ಮೊದಲು ಸಂವಿಧಾನ ಓದಿಕೊಂಡು ಬಾ' ಎಂದು ಒತ್ತುತ್ತಾರೆ. ಎಡಗಡೆ ಟಿಂಗ್. ಭಾವ ಓದುತ್ತಾನೆ. ಹಲ್ಲು ಕಡಿಯುತ್ತಾನೆ. ಆಮೇಲೆ ತಲೆ ಎತ್ತಿ, "ಮಾಸ್ತರ್ರೆ, ಸುಣ್ಣ ಇದ್ದಾ?" ಎಂದು ಕೈ ಚಾಚುತ್ತಾನೆ. ಸುಣ್ಣದ ಡಬ್ಬಿ ನನ್ನ ತೊಡೆಯ ಮೇಲಿಂದ ದಾಟಿ ಹೋಗುತ್ತದೆ.

ಗುಂಪಿನ ಹೆಸರು 'ನೀರು ಬಂತು'. ನಲ್ಲಿಗೆ ನೀರು ಬಿಟ್ಟ ಕೂಡಲೇ ಊರಿಗೆ ತಿಳಿಸಲಿಕ್ಕೆ ಶುರು ಮಾಡಿದ್ದು. ಆದರೆ ಸುದ್ದಿ ಓದಬೇಕಾದರೆ ಬಂಡೆ ಹತ್ತಬೇಕು. ಹತ್ತಿ, ಓದಿ, ಇಳಿದು ಕೊಡಪಾನ ಹಿಡಿಯುವಷ್ಟರಲ್ಲಿ ನೀರು ಹೋಗಿರುತ್ತದೆ. ಹೀಗಾಗಿ ನಿಧಾನಕ್ಕೆ ನೀರಿನ ವಿಷಯ ಬಿಟ್ಟು ಉಕ್ರೇನಿಗೆ ಬಂದೆವು.

ಈಗ 214 ಸದಸ್ಯರಿದ್ದಾರೆ. ಬೆಂಗಳೂರು, ಮುಂಬಯಿ, ದುಬೈಯಲ್ಲಿರುವ ಊರಿನ ಮಕ್ಕಳೂ ಇದ್ದಾರೆ. ಅಡ್ಮಿನ್‌ಗಳು ಐವರು. 1945ರಲ್ಲಿ ಯುದ್ಧ ಗೆದ್ದವರು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಐದು ಕಾಯಂ ಕುರ್ಚಿ ಹಾಕಿಕೊಂಡ ಹಾಗೆ, ಗುಂಪು ಮಾಡಿದ ದಿನ ಚಾವಡಿಯಲ್ಲಿ ಇದ್ದವರೇ ಐವರು ಹಾಕಿಕೊಂಡೆವು. ಹೌದು, ನಾನೂ ಒಬ್ಬ. ಪಂಪಿನ ಸ್ವಿಚ್ ನಮ್ಮ ಮನೆ ಗೋಡೆಗೆ ಇತ್ತು ಅನ್ನುವುದೇ ನನ್ನ ಅರ್ಹತೆ. ಐವರಿಗೂ ವೀಟೋ ಇದೆ. ಒಬ್ಬ ಯಾರನ್ನಾದರೂ ಗುಂಪಿನಿಂದ ತೆಗೆದರೆ, ಇನ್ನೊಬ್ಬ ಅರ್ಧ ಗಂಟೆಯಲ್ಲಿ ವಾಪಸ್ ಸೇರಿಸುತ್ತಾನೆ.

ಭಾರತಕ್ಕೆ ಭದ್ರತಾ ಮಂಡಳಿಯಲ್ಲಿ ಕಾಯಂ ಸ್ಥಾನ ಕೊಡುತ್ತಿಲ್ಲ ಎನ್ನುವುದು ನಮ್ಮ ಐವರಿಗೂ ದೊಡ್ಡ ನೋವು. ನೂರಾನಲವತ್ತು ಕೋಟಿ ಜನರಿಗೆ ದನಿ ಇಲ್ಲ, ಯಾವುದೋ ಕಾಲದಲ್ಲಿ ಗೆದ್ದವರು ಇನ್ನೂ ಕುರ್ಚಿ ಬಿಡುತ್ತಿಲ್ಲ, ಇದೆಂಥ ನ್ಯಾಯ ಎಂದು ವಾರಕ್ಕೆರಡು ಸಲ ಬರೆಯುತ್ತೇವೆ. ಕೆಳಗಿನ ಕೇರಿಯವರು ನಾಲ್ಕು ವರ್ಷದಿಂದ ಕೇಳುತ್ತಿದ್ದಾರೆ: ನಮ್ಮವರೊಬ್ಬರನ್ನೂ ಅಡ್ಮಿನ್ ಮಾಡಿ, ನೀರು ಕೊನೆಗೆ ಬರುವುದು ನಮ್ಮ ನಲ್ಲಿಗೇ ಅಲ್ವಾ? 'ಒಳ್ಳೆಯ ಸಲಹೆ, ಪರಿಶೀಲಿಸೋಣ' ಎಂದು ಬರೆದಿದ್ದೇವೆ. ನಾಲ್ಕೂ ವರ್ಷ ಅದನ್ನೇ ಬರೆದಿದ್ದೇವೆ. ನಮಗೆ ನೆನಪಿರಲಿ ಅಂತ ಹಳೆಯದನ್ನೇ ಫಾರ್ವರ್ಡ್ ಮಾಡುತ್ತೇವೆ.

ಹೋದ ಆಷಾಢದಲ್ಲಿ ಹಳ್ಳದ ಕಾಲುಸಂಕ ಹೋಯಿತು. ಐದು ಅಡಿಕೆ ದಬ್ಬೆ, ಎರಡು ಬಳ್ಳಿ, ಒಂದು ಬಿದಿರಿನ ಹಿಡಿಕೆ, ಇಷ್ಟೇ ಸಂಕ. ಶಾಲೆಗೆ ಹೋಗುವ ಮಕ್ಕಳು, ಡೇರಿಗೆ ಹಾಲು ಹಾಕುವವರು, ಬಂಡೆಗೆ ಹೋಗುವ ನಾವು, ಎಲ್ಲರದ್ದೂ ಅದೇ ದಾರಿ. ಒಬ್ಬರು ಫೋಟೋ ಸಮೇತ 'ಸಂಕ ಹೋಯ್ತು' ಎಂದು ಹಾಕಿದರು. ಅದಕ್ಕೆ ಎರಡು ಕೈಮುಗಿದ ಚಿತ್ರ, ಒಂದು ಅಳುವ ಮುಖ ಬಂತು. ದುಬೈಯಿಂದ 'ಓಂ ಶಾಂತಿ' ಎಂದೂ ಬಂತು. ಮುಂದಿನ ನಿಮಿಷಕ್ಕೆ ಭಾವ, ಹೊರ್ಮುಜ್ ಜಲಸಂಧಿ ಮುಚ್ಚಿದರೆ ಏನಾಗುತ್ತದೆ ಎಂದು ಶುರು ಮಾಡಿದ.

ಸುತ್ತು ಹಾಕಿ ಬಂಡೆ ಹತ್ತಿದ ಆ ರಾತ್ರಿಯ ಚರ್ಚೆ ಕೇಳಬೇಕಿತ್ತು. ಹೊರ್ಮುಜ್ ತೀರಾ ಕಿರಿದಾದ ಕಡೆ ಹೆಚ್ಚೂಕಡಿಮೆ 33 ಕಿಲೋಮೀಟರ್. ಹಡಗು ಹೋಗಲಿಕ್ಕೆ ಮೂರು ಕಿಲೋಮೀಟರ್ ಅಗಲದ ಒಂದು ದಾರಿ, ಬರಲಿಕ್ಕೆ ಅಷ್ಟೇ ಅಗಲದ ಇನ್ನೊಂದು. ಜಗತ್ತು ಸುಡುವ ಎಣ್ಣೆಯಲ್ಲಿ ಐದರಲ್ಲೊಂದು ಪಾಲು ಅಲ್ಲಿಂದಲೇ ಬರಬೇಕು. ಇದೆಲ್ಲ ನಮ್ಮೂರಲ್ಲಿ ಎಲ್ಲರಿಗೂ ಬಾಯಿಪಾಠ. ನಮ್ಮ ಹಳ್ಳ ಸಂಕದ ಹತ್ತಿರ ಎಷ್ಟು ಅಗಲ ಎಂದು ನಾನು ಸುಮ್ನೆ ಕೇಳಿದೆ. ಹದಿನೈದು ಅಡಿ ಎಂದು ಒಬ್ಬ, ಮೂವತ್ತು ಎಂದು ಇನ್ನೊಬ್ಬ. ವಿಷಯಾಂತರ ಮಾಡಬೇಡಿ ಎಂದು ಮೂರನೆಯವ. ಮರುದಿನ ಹಗ್ಗ ಹಾಕಿ ಅಳೆದೆ. 22 ಅಡಿ. ಹೊಸ ಸಂಕ ಕಟ್ಟಿದ್ದು ಅಡಿಕೆ ಕೊನೆ ಕೊಯ್ಯುವ ನಮ್ಮ ಕೊನೆಗೌಡ ಮತ್ತು ಅವನ ಮಗ. ಇಬ್ಬರೂ ಗುಂಪಿನಲ್ಲಿ ಇಲ್ಲ.

ಸಂವಿಧಾನದ ವಿಷಯಕ್ಕೆ ಬಂದರೆ ನಮ್ಮಲ್ಲಿ ಪಾಂಡಿತ್ಯ ಸ್ವಲ್ಪ ಜಾಸ್ತಿಯೇ. 19ನೇ ವಿಧಿ ಎಲ್ಲರಿಗೂ ಗೊತ್ತು. ತಾನು ಮಾತಾಡುವಾಗ ಹಕ್ಕು ಕೊಡುವ 19(1), ಎದುರಿನವ ಮಾತಾಡುವಾಗ ಅದಕ್ಕೆ ಕಡಿವಾಣ ಹಾಕುವ 19(2). ಮೊನ್ನೆ ಒಬ್ಬರನ್ನು ತೆಗೆದುಹಾಕಿದೆವು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಅರವತ್ತು ವಿಡಿಯೋ ಹಾಕಿದ್ದರು. ಅವರು ಹೆಂಡತಿಯ ನಂಬರಿನಿಂದ ಬಂದು, ಇದು ವಾಕ್ ಸ್ವಾತಂತ್ರ್ಯದ ಕೊಲೆ ಎಂದರು. ಆಗ ಮಾಸ್ತರರು 12ನೇ ವಿಧಿ ತೆಗೆದರು. ಮೂಲಭೂತ ಹಕ್ಕು ಕೇಳಬೇಕಾದ್ದು 'ರಾಜ್ಯ'ದ ಹತ್ತಿರ, ಅಡ್ಮಿನ್ ರಾಜ್ಯ ಅಲ್ಲ, ಅವನಿಗೆ ಪಂಪಿನ ಸ್ವಿಚ್ ಬಿಟ್ಟರೆ ಬೇರೇನೂ ಅಧಿಕಾರ ಇಲ್ಲ. ನನಗೆ ಸಮಾಧಾನವೂ ಆಯಿತು, ಸ್ವಲ್ಪ ಅವಮಾನವೂ ಆಯಿತು.

ಸಮಾಧಾನ ಹೆಚ್ಚು ಹೊತ್ತು ಉಳಿಯಲಿಲ್ಲ. ಧಾರವಾಡದಲ್ಲಿ ಕಾನೂನು ಓದುವ ಅಣ್ಣನ ಮಗಳು ರಜೆಗೆ ಬಂದಿದ್ದಳು. "ಅಪ್ಪಚ್ಚಿ, ಅದು ಹಳೇ ಕತೆ" ಅಂದಳು. 2023ರ ಜನವರಿಯಲ್ಲಿ ಕೌಶಲ್ ಕಿಶೋರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ, 19 ಮತ್ತು 21ನೇ ವಿಧಿಯ ಹಕ್ಕನ್ನು ಖಾಸಗಿಯವರ ವಿರುದ್ಧವೂ ಕೇಳಬಹುದು ಎಂದು ನಾಲ್ಕು-ಒಂದರ ಬಹುಮತದಲ್ಲಿ ಹೇಳಿದೆಯಂತೆ. ಆ ರಾತ್ರಿ ಐವರಲ್ಲಿ ಇಬ್ಬರು ಅಡ್ಮಿನ್‌ಗಿರಿಗೆ ರಾಜೀನಾಮೆ ಕೊಟ್ಟು, ಬೆಳಿಗ್ಗೆ ವಾಪಸ್ ತೆಗೆದುಕೊಂಡರು. ಸದಸ್ಯ ಹಾಕಿದ್ದಕ್ಕೆ ಅಡ್ಮಿನ್ ಹೊಣೆಯಲ್ಲ ಎಂದು 2022ರಲ್ಲಿ ಕೇರಳ ಹೈಕೋರ್ಟ್ ಹೇಳಿದೆ. ಆ ಸುದ್ದಿಯ ಪೇಪರ್ ತುಂಡನ್ನು ನಮ್ಮ ಹಿರಿಯ ಅಡ್ಮಿನ್ ಮಡಚಿ ಕವಳದ ಸಂಚಿಯಲ್ಲಿ ಇಟ್ಟುಕೊಂಡಿದ್ದಾರೆ, ತಾಯತದ ಹಾಗೆ. ಎಲೆ ತೆಗೆಯುವಾಗೆಲ್ಲ ಅದೂ ಹೊರಗೆ ಬರುತ್ತದೆ. ಅರವತ್ತು ವಿಡಿಯೋದವರು ಮಾತ್ರ ಐಟಿ ಕಾಯ್ದೆಯ 66ಎ ಕಲಂ ಹಾಕಿಸುತ್ತೇನೆ ಎಂದು ಈಗಲೂ ಹೆದರಿಸುತ್ತಾರೆ. ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು ಸುಪ್ರೀಂ ಕೋರ್ಟ್ 2015ರಲ್ಲೇ ಅದನ್ನು ರದ್ದು ಮಾಡಿದೆ. ವಾಕ್ ಸ್ವಾತಂತ್ರ್ಯ ಬೇಕು ಎನ್ನುವವರು ಅದೇ ಕಲಂ ಕೇಳಿದರೆ ನಾವು ಏನು ಹೇಳುವುದು?

ಇನ್ನೊಂದು ದಿನ ಭಾವ, ಪಾರ್ಲಿಮೆಂಟ್ ಮನಸ್ಸು ಮಾಡಿದರೆ ಸಂವಿಧಾನವನ್ನು ಹೇಗೆ ಬೇಕಾದರೂ ತಿದ್ದಬಹುದು ಎಂದ. ಮಾಸ್ತರರು ಕೇಶವಾನಂದ ಭಾರತಿ ಪ್ರಕರಣ ಹೇಳಿದರು. 1973ರ ಏಪ್ರಿಲ್ 24, ಹದಿಮೂರು ನ್ಯಾಯಮೂರ್ತಿಗಳು, ಏಳು-ಆರರ ತೀರ್ಪು, ಮೂಲರಚನೆ ಮುಟ್ಟುವಂತಿಲ್ಲ. 'ಉತ್ತರದ ಸ್ವಾಮಿಗಳ ಮಾತು ನಮಗೆ ಬೇಡ' ಎಂದು ಭಾವ ಬರೆದ. ಸ್ವಾಮಿಗಳು ಉತ್ತರದವರಲ್ಲ, ಇಲ್ಲೇ ಕಾಸರಗೋಡಿನ ಎಡನೀರು ಮಠದವರು, ಯಕ್ಷಗಾನದ ಪದ ಹೇಳುತ್ತಿದ್ದವರು ಎಂದೆ ನಾನು. ಭಾವ ತಲೆ ಎತ್ತಿ, ಯಕ್ಷಗಾನದ ಯಾವ ತಿಟ್ಟು ಎಂದು ಮೊದಲ ಸಲ ಬಾಯಿ ಬಿಟ್ಟು ಕೇಳಿದ. "ಬಡಗೋ, ತೆಂಕೋ?"

"ತೆಂಕು."

ಮೂಲರಚನೆಯನ್ನು ಅರ್ಧ ಒಪ್ಪಿಕೊಂಡ.

ವಿದೇಶಾಂಗ ನೀತಿಯಲ್ಲಿ ಭೂತಾನಿನದ್ದೇ ದೊಡ್ಡ ಅಧ್ಯಾಯ. ಮೊದಲು ಭೂತಾನ್ ಎಂದರೆ ಗುಂಪಿಗೆ ಪ್ರಾಣ. ಅಲ್ಲಿ ಜಿಡಿಪಿ ಅಳೆಯುವುದಿಲ್ಲ, ಸಂತೋಷ ಅಳೆಯುತ್ತಾರೆ, ಎಂಥ ಸಂಸ್ಕೃತಿ ಎಂದು ಸೂರ್ಯೋದಯದ ಚಿತ್ರದ ಜೊತೆ ಬರುತ್ತಿತ್ತು. 2022ರ ಸೆಪ್ಟೆಂಬರಿನಲ್ಲಿ ಭೂತಾನಿನಿಂದ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ದರ ಇಲ್ಲದೆಯೇ ತರಬಹುದು ಎಂದು ದಿಲ್ಲಿಯಿಂದ ಆದೇಶ ಬಂತು. ಒಂದೇ ರಾತ್ರಿಯಲ್ಲಿ ಆ ಸಂತೋಷದ ದೇಶ ನಮ್ಮ ಶತ್ರುವಾಯಿತು. ಬುದ್ಧನನ್ನೂ ಬಿಡಲಿಲ್ಲ. ಭೂತಾನ್ ಮೇಲೆ ಊರಿನ ಮಟ್ಟದಲ್ಲಿ ದಿಗ್ಬಂಧನ ಹಾಕಬೇಕು ಎಂದು ನಿರ್ಣಯ ಆಯಿತು. ಐದೂ ಅಡ್ಮಿನ್ ಒಪ್ಪಿದ ಏಕೈಕ ನಿರ್ಣಯ ಅದು. ಆದರೆ ಏನನ್ನು ಬಹಿಷ್ಕರಿಸುವುದು? ಹುಡುಕಿ ಹುಡುಕಿ ಸಾಕಾಯಿತು. ಕಡೆಗೆ ಒಬ್ಬರ ಮನೆ ಅಟ್ಟದಲ್ಲಿ, ಬಂಗಾಳದ ಬಾಗ್ಡೋಗ್ರಾದಲ್ಲಿ ಕೆಲಸಕ್ಕಿರುವ ಮಗ ತಂದಿಟ್ಟ ಭೂತಾನಿ ಜಾಮ್ ಬಾಟಲಿ ಸಿಕ್ಕಿತು. ಅರ್ಧ ಖಾಲಿಯಾಗಿತ್ತು. ಉಳಿದರ್ಧ ಬಹಿಷ್ಕರಿಸಿದೆವು.

2023ರ ಫೆಬ್ರುವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ದರ ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿತು. ಅದು ಜಾಮ್ ಬಾಟಲಿಯ ಪರಿಣಾಮ ಎಂದು ಇವತ್ತಿಗೂ ನಂಬಿದವರು ಗುಂಪಿನಲ್ಲಿದ್ದಾರೆ. ಭೂತಾನಿನ ಹಸಿ ಅಡಿಕೆಗೆ ಆ ದರ ತಾಗುವುದೇ ಇಲ್ಲ ಎಂದು ಸೊಸೈಟಿಗೆ ಅಡಿಕೆ ಹಾಕಲು ಹೋದಾಗ ಯಾರೋ ಹೇಳಿದರು. ನಾನು ಗುಂಪಿಗೆ ಹಾಕಲಿಲ್ಲ. ಜನ ಖುಷಿಯಲ್ಲಿದ್ದರು.

ಇಷ್ಟೆಲ್ಲ ಹೇಳಿದವನು ಬೇಲಿಯ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ನನ್ನ ಸೊಪ್ಪಿನಬೆಟ್ಟಕ್ಕೂ ಭಾವನ ಬೆಟ್ಟಕ್ಕೂ ನಡುವೆ ಒಂದು ಬೇಲಿ ಇದೆ. ನಮ್ಮ ಜಿಲ್ಲೆಯಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟದ ಸವಲತ್ತು. ಸೊಪ್ಪು, ಉದುರಿದ ಒಣ ಎಲೆಯ ದರಕು ನಮ್ಮದು, ನೆಲ ಸರ್ಕಾರದ್ದು. ಆ ಬೇಲಿಯ ಗೂಟಗಳು ಮೂರು ವರ್ಷದಲ್ಲಿ ನಾಲ್ಕು ಅಡಿ ನಡೆದಿವೆ. ಯಾವ ಕಡೆಗೆ ಎಂದು ನಾನು ಹೇಳುವುದಿಲ್ಲ, ಭಾವ ಇದನ್ನು ಓದುತ್ತಾನೆ. 2014ರಲ್ಲಿ ಕ್ರಿಮಿಯಾ ಹೋದದ್ದು ಹೇಗೆ ಎಂದು ಇಬ್ಬರೂ ನೂರು ಸಲ ಜಗಳಾಡಿದ್ದೇವೆ. ಗೂಟದ ಬಗ್ಗೆ ಒಂದು ಅಕ್ಷರ ಇಲ್ಲ. ಹೇಗೆ ಆಡುವುದು? ಪುಟಿನ್ ನಮ್ಮ ಮನೆ ಶ್ರಾದ್ಧಕ್ಕೆ ಬರುವುದಿಲ್ಲ. ಭಾವ ಬರುತ್ತಾನೆ, ಬಂದು ಹೋಳಿಗೆ ಬಡಿಸುತ್ತಾನೆ. ಆಸ್ತಿ ಹಕ್ಕು ಮೂಲಭೂತ ಹಕ್ಕು ಎಂದು ಅವನು ಒಮ್ಮೆ ಬರೆದಾಗ, 44ನೇ ತಿದ್ದುಪಡಿಯಲ್ಲಿ 1978ರಲ್ಲೇ ಅದನ್ನು ಆ ಪಟ್ಟಿಯಿಂದ ತೆಗೆದರು, ಈಗ ಬರೀ 300ಎ ವಿಧಿ ಎಂದು ಬರೆಯುವವನಿದ್ದೆ. ಬರೆದು ಅಳಿಸಿದೆ. ಗೂಟ ನೆನಪಾಯಿತು.

ಸೋಲುವ ಹೊತ್ತಿಗೆ ಭಾವ ಬಿಡುವ ಕೊನೆಯ ಅಸ್ತ್ರ ಒಂದಿದೆ. ಅವನ ಅಜ್ಜ ಸಿದ್ದಾಪುರದ ಕರನಿರಾಕರಣೆಯಲ್ಲಿ ಜೈಲಿಗೆ ಹೋದವರು. ಬ್ರಿಟಿಷರು ಬಚ್ಚಲಿನ ತಾಮ್ರದ ಹಂಡೆ ಜಪ್ತಿ ಮಾಡಿದ್ದರು. 'ನಮ್ಮ ಹಂಡೆ ಹೋಗಿದೆ, ನಿಮ್ಮದೇನು ಹೋಗಿದೆ?' ಎಂದು ಬರೆದರೆ ಗುಂಪಿನಲ್ಲಿ ಯಾರಿಗೂ ಉತ್ತರ ಇಲ್ಲ. ಅಜ್ಜ ಜೈಲಿಗೆ ಹೋದಾಗ ಯಾವ ವಿಧಿಯೂ ಇರಲಿಲ್ಲ, ಸಂವಿಧಾನವೇ ಬಂದಿರಲಿಲ್ಲ. ಮೊಮ್ಮಗ ಪಂಚಾಯತಿಗೆ ಮನೆ ತೆರಿಗೆ ಕಟ್ಟದೆ ಮೂರು ವರ್ಷವಾಯಿತು. ಕರನಿರಾಕರಣೆ ಇನ್ನೂ ನಡೆಯುತ್ತಿದೆ.

ಸಿಮೆಂಟಿನ ಸಂಕ ಬೇಕಾದರೆ ಗ್ರಾಮಸಭೆಯಲ್ಲಿ ಕೇಳಬೇಕು. ಅದೂ ಸಂವಿಧಾನದಲ್ಲೇ ಇದೆ, 243ಎ ವಿಧಿ. 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ, ಅದೂ ಏಪ್ರಿಲ್ 24ಕ್ಕೇ, ಸ್ವಾಮಿಗಳ ತೀರ್ಪಿನ ತಾರೀಖು. ಮಾಸ್ತರರು ಈ ಕಾಕತಾಳೀಯವನ್ನು ಹಾಕಿದಾಗ ಎಂಬತ್ತೊಂದು ಹೆಬ್ಬೆರಳು ಬಂದವು. ಸಭೆಗೆ ನಾವು ಒಂಬತ್ತು ಜನ ಹೋಗಿದ್ದೆವು. ಕೋರಂ ಇಲ್ಲ ಎಂದು ಮುಂದೂಡಿದರು, ಅವಲಕ್ಕಿ ಮಾತ್ರ ಕೊಟ್ಟರು. ಸಂಜೆ ಗುಂಪಿನಲ್ಲಿ, ಪ್ರಜಾಪ್ರಭುತ್ವ ಸತ್ತಿದೆ ಎಂದು ಇಪ್ಪತ್ತಾರು ಜನ ಬರೆದರು. ಒಬ್ಬರು ಸಭೆಯ ಲಿಂಕ್ ಕೇಳಿದರು.

ನಿನ್ನೆ ರಾತ್ರಿ ಒಂಬತ್ತೂವರೆಗೆ ಮಳೆ ಬಂತು. ತೈವಾನ್ ವಿಷಯ ಅರ್ಧಕ್ಕೆ ನಿಂತಿತು. ಭಾವ ನನ್ನನ್ನು ದೇಶದ್ರೋಹಿ ಎಂದು ಕರೆದು ಎರಡು ನಿಮಿಷ ಆಗಿತ್ತು, ನಾನು ಉತ್ತರ ಬರೆದು ಕಳಿಸಿದ್ದೆ, ಗೆರೆ ಒಂದೇ ಬಿದ್ದಿತ್ತು. ಎಲ್ಲರೂ ಎದ್ದೆವು. ಸಂಕದ ಹತ್ತಿರ ಬಂದಾಗ ಹಳ್ಳ ಕೆಂಪಾಗಿ ಏರುತ್ತಿತ್ತು. ನನ್ನ ಟಾರ್ಚ್ ಸತ್ತಿತ್ತು. ಭಾವ ಮುಂದೆ ಹೋಗಿ, ಟಾರ್ಚ್ ಬಗಲಿಗೆ ಸಿಕ್ಕಿಸಿಕೊಂಡು, ಹಿಂದಕ್ಕೆ ಕೈ ಚಾಚಿ ನನ್ನ ಕೈ ಗಟ್ಟಿ ಹಿಡಿದ. "ಕಾಲು ನೋಡಿ ಇಡು ಮಾರಾಯಾ, ಮೂರನೇ ದಬ್ಬೆ ಜಾರ್ತು" ಅಂದ. ಮೂರನೆಯದು ದಾಟಿದೆವು. ಸಂಕದ ನಟ್ಟನಡುವೆ, ಯಾವತ್ತೂ ಸಿಗದ ಜಾಗದಲ್ಲಿ, ಅವನ ಜೇಬಿನಲ್ಲಿ ಟಿಂಗ್ ಅಂತು. ನನ್ನ ಉತ್ತರ ಹೋಗಿ ಮುಟ್ಟಿತ್ತು.

ಅವನು ನಿಂತ. ಓದಿದ. "ಹಂಗಾರೆ ಇದಕ್ಕೆ ಹೇಳ್ತೆ ತಡಿ" ಎಂದು, ಟೈಪ್ ಮಾಡಲಿಕ್ಕೆ ನನ್ನ ಕೈ ಬಿಟ್ಟ.