ಇಲ್ಲೊಬ್ಬ ಭಾಗವತ ಬೇಕಿತ್ತು

ಸೂಪರ್‌ಹೀರೊ ಸಿನಿಮಾ ಜನಕ್ಕೆ ಸಾಕಾಗಿದೆ ಎಂಬ ಮಾತು ಇಲ್ಲಿ ಅಮೆರಿಕದಲ್ಲಿ ಕೆಲವು ವರ್ಷಗಳಿಂದ ನಡೆದಿದೆ. ಯಾಕೆ ಸಾಕಾಯ್ತು ಅಂತ ಕೇಳಿದರೆ ಹೆಚ್ಚಿನವರು ಕೊಡುವ ಉತ್ತರ ಒಂದೇ. ಅದೇ ಕಥೆ, ಅದೇ ಹೊಡೆದಾಟ, ನೋಡಿ ನೋಡಿ ಬೇಜಾರಾಯ್ತು ಅನ್ನುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಈಗ ನ್ಯೂಜೆರ್ಸಿಯಲ್ಲಿದ್ದೇನೆ, ಊರು ಬಾಗಲಕೋಟೆ ಜಿಲ್ಲೆಯ ಲೋಕಾಪುರದ ಹತ್ತಿರ. ಆ ಕಡೆಯ ಜನ ಒಂದೇ ಕಥೆಯನ್ನು ಅಜ್ಜ-ಮುತ್ತಜ್ಜರ ಕಾಲದಿಂದ ನೋಡುತ್ತ ಬಂದಿದ್ದಾರೆ. ಅವರಿಗೆ ಬೇಜಾರಾಗಿಲ್ಲ.

ಶ್ರೀಕೃಷ್ಣ ಪಾರಿಜಾತ ಎಂಬ ಬಯಲಾಟದ ಮಾತು ಹೇಳುತ್ತಿದ್ದೇನೆ. ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡುತ್ತಾನೆ. ಸತ್ಯಭಾಮೆ ಮುನಿಸಿಕೊಳ್ಳುತ್ತಾಳೆ. ಕಥೆ ಇಷ್ಟೇ. ಬೆಳಗಾವಿ ಜಿಲ್ಲೆಯ ಕುಲಗೋಡ ತಮ್ಮಣ್ಣ ಈ ಆಟಕ್ಕೆ ರೂಪ ಕೊಟ್ಟವರಲ್ಲಿ ಒಬ್ಬರು. ಕೌಜಲಗಿ ನಿಂಗಮ್ಮನಂಥ ಕಲಾವಿದೆ ಇದೇ ಆಟದಿಂದ ಮನೆಮಾತಾದರು. ಜಾತ್ರೆಯ ರಾತ್ರಿ ಊಟ ಮುಗಿಸಿ, ಕೌದಿ ಹೊದ್ದು ಗುಡಿಯ ಮುಂದೆ ಕೂತವರು ಬೆಳಗಿನವರೆಗೆ ಏಳುವುದಿಲ್ಲ. ಹೂವು ಯಾರಿಗೆ ಹೋಯಿತು ಅಂತ ತಿಳಿಯೋಕೆ ಯಾರೂ ಅಲ್ಲಿ ಕೂತಿರುವುದಿಲ್ಲ. ಈ ಸಲದ ಭಾಮೆ ಹೇಗೆ ಸಿಟ್ಟು ಮಾಡುತ್ತಾಳೆ, ಕೃಷ್ಣ ಆ ಪದವನ್ನು ಎಷ್ಟು ಎಳೆದು ಹಾಡುತ್ತಾನೆ ಅನ್ನೋದನ್ನು ನೋಡುತ್ತಾರೆ. ಹಿಡಿಸಿದರೆ ಒನ್ಸ್ ಮೋರ್ ಅಂತ ಕೂಗಿ ನೋಟು ಹಿಡಿದು ಮುಂದೆ ಹೋಗುತ್ತಾರೆ. ಮೈಕಿನಲ್ಲಿ ಅವರ ಹೆಸರು ಹೇಳಿ ಅದೇ ಪದವನ್ನು ಮತ್ತೆ ಹಾಡುತ್ತಾರೆ.

ಈ ಆಟದಲ್ಲಿ ನನಗೆ ತುಂಬ ಇಷ್ಟವಾಗುವವನು ಆಟ ನಡೆಸುವ ಭಾಗವತ. ಹೊಸ ಪಾತ್ರ ಬಂದ ಕೂಡಲೇ ಅವನು ತಡೆದು ನಿಲ್ಲಿಸುತ್ತಾನೆ. ಯಾರವ್ವಾ ನೀನು? ಯಾವ ಊರು? ಇಲ್ಲಿಗ್ಯಾಕ ಬಂದಿ? ಬಂದವರು ಹೇಳಲೇಬೇಕು. ಭಾಮೆಯಾದರೂ ಬಿಡುವುದಿಲ್ಲ, ಹಾಲು ಮಾರುವ ಗೊಲ್ಲತಿಯಾದರೂ ಬಿಡುವುದಿಲ್ಲ. ಮೊದಲ ಸಲ ಆಟ ನೋಡುವ ಹುಡುಗನೂ, ಐವತ್ತು ವರ್ಷದಿಂದ ನೋಡುವ ಅಜ್ಜಿಯೂ ಆ ಎರಡು ನಿಮಿಷದಲ್ಲಿ ಒಂದೇ ಸಾಲಿಗೆ ಬರುತ್ತಾರೆ. ಮುಂದಿನ ಕಥೆ ಇಬ್ಬರಿಗೂ ತಿಳಿಯುತ್ತದೆ.

ಇಲ್ಲಿನ ಥಿಯೇಟರಿನಲ್ಲಿ ಹಾಗಿಲ್ಲ. ಸೂಪರ್‌ಹೀರೊ ಸಿನಿಮಾ ಮಾಡುವ ಮಾರ್ವೆಲ್ ಕಂಪನಿಯ ಸಿನಿಮಾದ ಕಥೆ ಮುಗಿದ ಮೇಲೂ ಯಾರೂ ಏಳುವುದಿಲ್ಲ. ಅರ್ಧ ದೀಪ ಹತ್ತಿರುತ್ತದೆ. ಪರದೆ ಮೇಲೆ ಕೆಲಸ ಮಾಡಿದವರ ಹೆಸರುಗಳು ನಿಮಿಷಗಟ್ಟಲೆ ಮೇಲೇರುತ್ತಲೇ ಇರುತ್ತವೆ. ಜನ ಉಳಿದ ಪಾಪ್‌ಕಾರ್ನ್ ಕೆದಕುತ್ತ, ಫೋನ್ ನೋಡುತ್ತ ಕಾಯುತ್ತಾರೆ. ಕೊನೆಗೆ ಮುಂದಿನ ಕಥೆಯ ಸೂಚನೆ ಕೊಡುವ ಅರ್ಧ ನಿಮಿಷದ ತುಣುಕೊಂದು ಬರುತ್ತದೆ. ಕತ್ತಲೆಯಿಂದ ಯಾರೋ ಒಬ್ಬ ಹೊರಗೆ ಬಂದು ಒಂದು ಮಾತು ಹೇಳುತ್ತಾನೆ. ಮುಂದಿನ ಸಾಲಿನಲ್ಲಿ ನಾಲ್ಕು ಜನ ಚಪ್ಪಾಳೆ ಹೊಡೆಯುತ್ತಾರೆ. ಉಳಿದವರು ಪಕ್ಕದವರ ಮುಖ ನೋಡುತ್ತಾರೆ. ಹೀಗೊಮ್ಮೆ ನನ್ನ ಹಿಂದೆ ಕೂತ ತಂದೆ ಮಗನನ್ನು ಕೇಳುತ್ತಿದ್ದರು, ಇವನು ಯಾರು ಅಂತ. ಹುಡುಗ ಒಂದು ಸರಣಿಯ ಹೆಸರು ಹೇಳಿ, ಅದನ್ನು ನೋಡಿದರೆ ಮಾತ್ರ ಗೊತ್ತಾಗುತ್ತದೆ ಅಂದ. ತಂದೆ ಕೋಟು ಹಾಕಿಕೊಂಡು ಎದ್ದರು. ದುಡ್ಡು ಕೊಟ್ಟು, ಪೂರ್ತಿ ಸಿನಿಮಾ ನೋಡಿ, ಕೊನೆಗೂ ಹೊರಗಿನವರಾಗಿಯೇ ಉಳಿದರು.

ದಣಿವು ಹುಟ್ಟುವುದು ಇಲ್ಲಿ ಅಂತ ನನ್ನ ನಂಬಿಕೆ. ಕಥೆ ಹಳೆಯದಾಗಿದ್ದಕ್ಕಲ್ಲ. ಒಂದನ್ನು ತಿಳಿಯಲು ಇನ್ನೊಂದನ್ನು ನೋಡಬೇಕು, ಇನ್ನೊಂದಕ್ಕೆ ಮತ್ತೊಂದು. ಕೂತ ಸಂಜೆಗೆ ಮುಗಿಯುವುದು ಯಾವುದೂ ಇಲ್ಲ.

ಮೊದಲು ಹೀಗಿರಲಿಲ್ಲ. 2008ರಲ್ಲಿ ಮಾರ್ವೆಲ್‌ನ ಐರನ್ ಮ್ಯಾನ್ ಬಂತು. 2012ರ ಅವೆಂಜರ್ಸ್‌ವರೆಗೆ ಐದು ವರ್ಷದಲ್ಲಿ ಆರು ಸಿನಿಮಾ. ಒಂದೊಂದೂ ತನ್ನ ಪಾಡಿಗೆ ನಿಲ್ಲುತ್ತಿತ್ತು. ಒಂದು ಬಿಟ್ಟು ಇನ್ನೊಂದು ನೋಡಿದರೂ ನಡೆಯುತ್ತಿತ್ತು. 2019ರಲ್ಲಿ ಬಂದ ಅವೆಂಜರ್ಸ್ ಎಂಡ್‌ಗೇಮ್ ಈ ಸಾಲಿನ 22ನೆಯ ಸಿನಿಮಾ. ಸುಮಾರು 280 ಕೋಟಿ ಡಾಲರ್ ಗಳಿಸಿತು. ಹನ್ನೊಂದು ವರ್ಷ ಜೊತೆಗಿದ್ದ ಪ್ರೇಕ್ಷಕರಿಗೆ ಅದು ನಿಜವಾದ ಮುಕ್ತಾಯ ಕೊಟ್ಟಿತು. ಐರನ್ ಮ್ಯಾನ್ ಸತ್ತಾಗ ಥಿಯೇಟರಿನಲ್ಲಿ ದೊಡ್ಡವರೂ ಅತ್ತರು. ಆ ಸಿನಿಮಾದ ಕೊನೆಗೆ ಮುಂದಿನ ಕಥೆಯ ತುಣುಕೂ ಇರಲಿಲ್ಲ. ಅಲ್ಲಿ ಮಂಗಳ ಹಾಡಿ, ಎರಡು-ಮೂರು ವರ್ಷ ಸುಮ್ನಿದ್ದು, ಹೊಸದಾಗಿ ಶುರು ಮಾಡಿದ್ದರೆ ಇವತ್ತಿನ ಮಾತೇ ಬೇರೆ ಇರುತ್ತಿತ್ತು.

ಆದದ್ದು ಉಲ್ಟಾ. ಮಾರ್ವೆಲ್‌ನ ಮಾಲೀಕ ಕಂಪನಿ ಡಿಸ್ನಿಗೆ ತನ್ನ ಹೊಸ ಓಟಿಟಿ ತುಂಬಿಸಬೇಕಿತ್ತು. 2021 ಒಂದೇ ವರ್ಷದಲ್ಲಿ ಮಾರ್ವೆಲ್‌ನ ನಾಲ್ಕು ಸಿನಿಮಾ, ಐದು ಸರಣಿ ಬಂದವು. ಮುಂದಿನ ವರ್ಷದ ಡಾಕ್ಟರ್ ಸ್ಟ್ರೇಂಜ್ ಸಿನಿಮಾದಲ್ಲಿ ವಾಂಡಾ ಎಂಬವಳು ತನ್ನ ಮಕ್ಕಳಿಗಾಗಿ ಯಾಕೆ ಅಷ್ಟು ಹಂಬಲಿಸುತ್ತಾಳೆ ಅಂತ ಸರಿಯಾಗಿ ತಿಳಿಯಬೇಕಾದರೆ ಅವಳ ಒಂಬತ್ತು ಕಂತಿನ ಸರಣಿ ನೋಡಿರಬೇಕು. 2023ರ ದಿ ಮಾರ್ವೆಲ್ಸ್‌ನ ಮೂವರು ನಾಯಕಿಯರಲ್ಲಿ ಇಬ್ಬರು ಸರಣಿಗಳಿಂದ ಬಂದವರು. ಆ ಸಿನಿಮಾ ಜಗತ್ತಿನಾದ್ಯಂತ 20 ಕೋಟಿ ಡಾಲರ್ ದಾಟಿ ಅಲ್ಲೇ ನಿಂತಿತು. ಮಾರ್ವೆಲ್ ಸಾಲಿನಲ್ಲೇ ಅತಿ ಕಡಿಮೆ ಗಳಿಕೆ ಅದು. ಕೆಟ್ಟ ಸಿನಿಮಾ ಅಂತ ನಾನು ಹೇಳಲಾರೆ. ಸರಣಿಯಿಂದ ಬಂದ ಆ ಇಬ್ಬರಲ್ಲಿ ಒಬ್ಬಳಾದ ಕಮಲಾ ಖಾನ್ ಪಾತ್ರ ಮಾಡಿದ ಹುಡುಗಿ ಇಮಾನ್ ವೆಲ್ಲಾನಿ ಅದರಲ್ಲಿ ಎಷ್ಟು ಚೆನ್ನಾಗಿ ಮಾಡಿದ್ದಾಳೆ! ಆದರೆ ಅವಳು ಯಾರು ಅಂತ ಕೇಳಿ ಹೇಳಿಸುವ ಭಾಗವತ ಅಲ್ಲಿರಲಿಲ್ಲ.

ಮುಖವಾಡ, ಹಾರಾಟ ಜನಕ್ಕೆ ಬೇಡವಾಗಿದ್ದರೆ 2024ರಲ್ಲಿ ಡೆಡ್‌ಪೂಲ್ ಮತ್ತು ವೊಲ್ವರೀನ್ ಸಿನಿಮಾ 130 ಕೋಟಿ ಡಾಲರಿಗೂ ಜಾಸ್ತಿ ಗಳಿಸುತ್ತಿರಲಿಲ್ಲ, ಅಲ್ವಾ? ಅದರಲ್ಲೂ ಹಳೆಯ ನೆನಪುಗಳು ತುಂಬಿದ್ದವು, ನಿಜ. ಆದರೂ ಒಬ್ಬರನ್ನೊಬ್ಬರು ಸಹಿಸದ ಇಬ್ಬರು ಗೆಳೆಯರಾಗುವ ಕಥೆ ಅಲ್ಲೇ ಶುರುವಾಗಿ ಅಲ್ಲೇ ಮುಗಿಯಿತು.

ಇದನ್ನೆಲ್ಲ ಒಮ್ಮೆ ಊರಿನಲ್ಲಿ ಕಾಕಾನ ಮುಂದೆ ಹೇಳಿದೆ. ಕಾಕಾಗೆ ಇಂಗ್ಲಿಷ್ ಸಿನಿಮಾದ ಗಂಧವಿಲ್ಲ. ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. “ಅಲ್ಲೋ ತಮ್ಮಾ, ಆಟ ಬಿದ್ದದ್ದು ಮಾಲಕಗ ಯಾವಾಗ ತಿಳೀತದ?”

ಕಾಕಾನ ಮನಸ್ಸಿನಲ್ಲಿದ್ದದ್ದು ಬನಶಂಕರಿ ಜಾತ್ರೆ. ಬಾದಾಮಿ ಹತ್ತಿರ, ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ವಾರಗಟ್ಟಲೆ ಜಾತ್ರೆ ಇರುತ್ತದೆ. ನಾಟಕ ಕಂಪನಿಗಳು ಸಾಲಾಗಿ ಥಿಯೇಟರ್ ಹಾಕುತ್ತವೆ. ಹಗಲು ರಾತ್ರಿ ಆಟ ನಡೆಯುತ್ತದೆ. ಜನ ಆಕಳಿಸಿದರೆ ನಟನಿಗೆ ಆ ಕ್ಷಣವೇ ಕಾಣುತ್ತದೆ. ಗಲ್ಲಾ ಖಾಲಿಯಾದರೆ ಮಾಲೀಕನಿಗೆ ಆ ರಾತ್ರಿಯೇ ತಿಳಿಯುತ್ತದೆ. ಮಾತು ಬದಲಾಗುತ್ತದೆ, ಹಾಡು ಬದಲಾಗುತ್ತದೆ, ಆಗದಿದ್ದರೆ ನಾಟಕವೇ ಬದಲಾಗುತ್ತದೆ.

ಅಮೆರಿಕದಲ್ಲಿ ಮೊದಲು ಬಿಡುಗಡೆಯ ತಾರೀಖು ಗೊತ್ತಾಗುತ್ತದೆ, ಕಥೆ ಆಮೇಲೆ. 2022ರ ಜುಲೈನಲ್ಲಿ ಸ್ಯಾನ್ ಡಿಯಾಗೊದ ಕಾಮಿಕ್-ಕಾನ್ ಎಂಬ ಅಭಿಮಾನಿಗಳ ಸಮ್ಮೇಳನದಲ್ಲಿ ಮಾರ್ವೆಲ್‌ನವರು 2025ಕ್ಕೆ ಎರಡು ಅವೆಂಜರ್ಸ್ ಸಿನಿಮಾ ಅಂತ ದಿನ ಸಮೇತ ಸಾರಿದರು. ಖಳನಾಯಕ ಕ್ಯಾಂಗ್ ಎಂದೂ ಹೇಳಿದರು. ಮುಂದೆ ಕ್ಯಾಂಗ್ ಪಾತ್ರದ ನಟನನ್ನೇ ಕೈಬಿಡಬೇಕಾಯಿತು. ಕ್ಯಾಂಗ್ ಹೆಸರಿನ ಆ ಸಿನಿಮಾದ ಜಾಗಕ್ಕೆ ಬೇರೆ ಕಥೆ, ಬೇರೆ ಖಳ ಬಂದರು. ತಾರೀಖು 2026ರ ಡಿಸೆಂಬರ್‌ಗೆ ಹೋಯಿತು. ಅಷ್ಟರಲ್ಲಿ ಆ ಕಥೆಗೆ ತಳಪಾಯ ಹಾಕಿದ ಸಿನಿಮಾ, ಸರಣಿಗಳನ್ನು ಜನ ನೋಡಿ ಮುಗಿಸಿದ್ದರು. ಅವರು ಕೊಟ್ಟ ಹೊತ್ತಿಗೆ ಉತ್ತರ ಹೇಳುವವರು ಯಾರು? 2024ರ ಮೇ ತಿಂಗಳಲ್ಲಿ ಡಿಸ್ನಿ ಮುಖ್ಯಸ್ಥ ಬಾಬ್ ಐಗರ್ ಇನ್ನು ವರ್ಷಕ್ಕೆ ಎರಡು, ಹೆಚ್ಚೆಂದರೆ ಮೂರು ಮಾರ್ವೆಲ್ ಸಿನಿಮಾ ಅಂದರು. ಸರಣಿಗಳನ್ನೂ ಎರಡರ ಆಸುಪಾಸಿಗೆ ಇಳಿಸುವ ಮಾತಾಡಿದರು. ಜನ ಹೇಳಿದ್ದು ಮಾಲೀಕನ ಕಿವಿಗೆ ಬೀಳಲು ಇಲ್ಲಿ ವರ್ಷಗಳೇ ಬೇಕಾದವು.

ಪ್ರೇಕ್ಷಕರು ಮಾತ್ರ ದಣಿದದ್ದಲ್ಲ. ಪರದೆ ಮೇಲೆ ಏರುವ ಆ ಹೆಸರುಗಳಲ್ಲಿ ಬಹಳಷ್ಟು ವಿಎಫ್‌ಎಕ್ಸ್, ಅಂದರೆ ಕಂಪ್ಯೂಟರಿನಲ್ಲಿ ದೃಶ್ಯ ಕಟ್ಟುವ ಕೆಲಸ ಮಾಡುವವರದ್ದು. ಮುಂಬೈ, ಬೆಂಗಳೂರಿನ ಹುಡುಗರ ಹೆಸರುಗಳೂ ಅಲ್ಲಿರುತ್ತವೆ. ಹಗಲು ರಾತ್ರಿ ದುಡಿಸುತ್ತಾರೆ, ಕೊನೆ ಗಳಿಗೆಯಲ್ಲಿ ದೃಶ್ಯ ಬದಲಿಸುತ್ತಾರೆ ಎಂಬುದು ಈ ಕೆಲಸದವರ ದೂರು. 2023ರ ಸೆಪ್ಟೆಂಬರ್‌ನಲ್ಲಿ ಮಾರ್ವೆಲ್ ಸ್ಟುಡಿಯೊದ ವಿಎಫ್‌ಎಕ್ಸ್ ಕೆಲಸಗಾರರು ಯೂನಿಯನ್ ಬೇಕು ಅಂತ ಒಮ್ಮತದಿಂದ ಮತ ಹಾಕಿದರು. ಅವರು ಮಾಡಿದ್ದು ಸರಿ.

ನಮ್ಮ ಕಡೆ ಎಲ್ಲ ಚೆನ್ನಾಗಿದೆ ಅಂತ ನಾನು ಹೇಳುತ್ತಿಲ್ಲ. ಒಂದು ಕಂಪನಿಯ ನಾಟಕ ಗೆದ್ದರೆ ಉಳಿದವರು ಅದೇ ಥರದ ಹೆಸರಿಟ್ಟು, ಅದೇ ಡಬಲ್ ಮೀನಿಂಗ್ ಮಾತು ತುಂಬುತ್ತಾರೆ. ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ ಕೂರುವುದು ಕಷ್ಟ. ಈ ದೂರು ಹಳೆಯದು, ನ್ಯಾಯವಾದದ್ದು. ಇದರಿಂದ ಒಳ್ಳೆಯ ಕಂಪನಿಗಳಿಗೂ ಪೆಟ್ಟು ಬಿದ್ದಿದೆ. ಪಾರಿಜಾತ ಕಟ್ಟಿ ಆಡುವ ಮೇಳಗಳೂ ಮೊದಲಿನಷ್ಟಿಲ್ಲ.

ನನಗೆ ನಿಜವಾದ ಚಿಂತೆ ಇರುವುದು ಕನ್ನಡ ಸಿನಿಮಾದ ಬಗ್ಗೆ. ಭಾಗ ಒಂದು, ಭಾಗ ಎರಡು ಎಂಬ ಪದ್ಧತಿ ನಮ್ಮಲ್ಲೂ ಜೋರಾಗುತ್ತಿದೆ. 2018ರಲ್ಲಿ ಬಂದ ಕೆಜಿಎಫ್ ಮೊದಲ ಭಾಗ ಇದನ್ನು ಚೆನ್ನಾಗಿ ನಿಭಾಯಿಸಿತು. ಮುಂದೆ ಇದೆ ಅಂತ ಮೊದಲೇ ಗೊತ್ತಿತ್ತು. ಆದರೂ ಕೊನೆಗೆ ಖಳ ಗರುಡ ಸತ್ತ, ನಾಯಕ ರಾಕಿ ಯಾವ ಕೆಲಸಕ್ಕೆ ಗಣಿಯ ಒಳಗೆ ಹೋಗಿದ್ದನೋ ಅದು ಮುಗಿಯಿತು. 2022ರ ಎರಡನೆಯ ಭಾಗದ ಕೊನೆಗೆ ಮೂರನೆಯದರ ಸೂಚನೆ ಬಂದಾಗ ಮಾತ್ರ ನನಗೆ ಹೆದರಿಕೆಯಾಯಿತು. ಹಾಲಿವುಡ್‌ನವರು ಬಿದ್ದ ಗುಂಡಿ ನಮ್ಮವರ ಮುಂದೆಯೂ ಇದೆ. ಹಲವು ಸಿನಿಮಾ ಒಂದಕ್ಕೊಂದು ಹೆಣೆದು ಯೂನಿವರ್ಸ್ ಕಟ್ಟುತ್ತೇವೆ ಅಂತ ಹೊರಡುವವರು ಮೊದಲು ಒಂದು ಕಥೆ ಕಟ್ಟಲಿ.

ಯಾಕೆಂದರೆ ಬಾಗಲಕೋಟೆಯ ಥಿಯೇಟರಿಗೆ ಬರುವವರು ಓಟಿಟಿ ನೋಡಿ ತಯಾರಾಗಿ ಬರುವುದಿಲ್ಲ. ಹೊಲದ ಕೆಲಸ ಮುಗಿಸಿ, ಹಬ್ಬದ ಮರುದಿನ, ಮನೆಮಂದಿಯೆಲ್ಲ ಟಂಟಂ ಹತ್ತಿ ಬರುತ್ತಾರೆ. ಅವ್ವ, ಅತ್ತಿ, ಸಣ್ಣ ಮಕ್ಕಳು ಎಲ್ಲ ಇರುತ್ತಾರೆ. ಮುಂದಿನ ಭಾಗ ಬರುವಷ್ಟರಲ್ಲಿ ಮಕ್ಕಳು ಹೈಸ್ಕೂಲ್ ಸೇರಿರುತ್ತಾರೆ. ಅವರಿಗೆ ಆ ದಿನದ ಕಥೆ ಆ ದಿನ ಮುಗಿಸಿ ಕೊಡಿ. ಮುಗಿಸಲು ಆಗುವುದಿಲ್ಲ ಅಂತಾದರೆ ಪೋಸ್ಟರ್ ಮೇಲೆ, ಟಿಕೆಟ್ ಕೊಡುವ ಕಿಟಕಿಯಲ್ಲಿ, ಇದು ಅರ್ಧ ಕಥೆ ಅಂತ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಈಗ ನೋಡಬೇಕೋ, ಪೂರ್ತಿ ಬಂದ ಮೇಲೆ ನೋಡಬೇಕೋ ಅಂತ ಅವರು ಹೊರಗೆ ನಿಂತೇ ತೀರ್ಮಾನ ಮಾಡಿಕೊಳ್ಳುತ್ತಾರೆ.