ತಂಗುದಾಣದ ನೆರಳು ಚರಂಡಿಗೆ

ರಾಯಚೂರಿನ ಜನ ಬಿಸಿಲಿಗೂ ನೆರೆಗೂ ಎಷ್ಟರಮಟ್ಟಿಗೆ ಜಗ್ಗದೆ ನಿಲ್ಲುತ್ತಾರೆ ಎಂದು ಅಳೆಯಲು ಏಪ್ರಿಲ್‌ನಲ್ಲಿ ಒಂದು ತಂಡ ಬಂದಿಳಿಯಿತು. ಇಳಿಯಿತು ಅನ್ನುವುದೂ ತಪ್ಪೇ. ಕಾರಿನಿಂದ ಇಳಿದರೆ ಎಸಿ ತಪ್ಪುತ್ತದಲ್ಲ, ಹಾಗಾಗಿ ಹೆಚ್ಚಿನವರು ಒಳಗೇ ಕೂತಿದ್ದರು.

ಅಳತೆಗೆ ಆಯ್ದದ್ದು ಬೇವಿನ ಮರ ಕಡಿದ ಜಾಗದಲ್ಲಿ ಎದ್ದ ಹೊಸ ಬಸ್ ತಂಗುದಾಣ. ತಗಡಿನ ಚಾವಣಿ, ಸ್ಟೀಲ್ ಬೆಂಚು, ಮೇಲೆ ಕೈಮುಗಿದು ನಗುವ ನಾಯಕರ ಫ್ಲೆಕ್ಸು. ಮುಖ ಪಶ್ಚಿಮಕ್ಕೆ. ಮಧ್ಯಾಹ್ನ ಮೂರರ ಬಿಸಿಲು ನೇರ ಬೆಂಚಿನ ಮೇಲೆ, ನೆರಳು ಹಿಂದಿನ ಚರಂಡಿ ಮೇಲೆ. ಜನ ಮೂಗು ಮುಚ್ಚಿಕೊಂಡು ಚರಂಡಿ ದಂಡೆಯಲ್ಲೇ ಸಾಲಾಗಿ ನಿಂತಿರುತ್ತಾರೆ, ಬಸ್ಸು ಕಂಡರೆ ಸುತ್ತು ಹಾಕಿ ಓಡುತ್ತಾರೆ. ತಂಡದವರು ಬೆಂಚನ್ನಷ್ಟೇ ನೋಡಿದರು. ಖಾಲಿ. 'ನೆರಳಿಗೆ ಬೇಡಿಕೆ ಕಡಿಮೆ' ಎಂದು ಬರೆದುಕೊಂಡರು.

ಅದೇ ದಂಡೆಯಲ್ಲಿ ಸೌತೆಕಾಯಿ ಬುಟ್ಟಿ ಇಟ್ಟುಕೊಂಡಿದ್ದ ಮುದುಕಿಯನ್ನು ಟ್ಯಾಬ್ ಹಿಡಿದ ಹುಡುಗ ಕೇಳಿದ: "ಅಜ್ಜಿ, ಬಿಸಿಲಿನಿಂದ ನಿಮಗೆ ತೊಂದರೆ ಬಹಳವೋ, ಸಾಧಾರಣವೋ, ಇಲ್ಲವೋ?"

"ಮೊದ್ಲ ಈ ಕಡೆ ನೆಳ್ಳಿಗೆ ಬಾರಪ್ಪ ತಮ್ಮಾ, ಬಿಸಲಾಗ ನಿಂತು ಏನ್ ಕೇಳ್ತಿ."

ಮೂರು ಆಯ್ಕೆಗಳಲ್ಲಿ ಈ ಉತ್ತರ ಇರಲಿಲ್ಲ. ಹುಡುಗ 'ಇಲ್ಲ' ಒತ್ತಿದ.

ಮರುದಿನ ಮಧ್ಯಾಹ್ನ ಎರಡಕ್ಕೆ ಹೋಟೆಲಿನಲ್ಲಿ ಕಾರ್ಯಾಗಾರ. ಬೇಸಿಗೆಯಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ 1.30ರವರೆಗೆ, ಹಾಗಾಗಿ ಅಧಿಕಾರಿಗಳು ಪುರುಸೊತ್ತಾಗಿ ಬಂದರು. (ಗಾರೆ ಕೆಲಸದವರಿಗೆ ಆ ಸುತ್ತೋಲೆ ಇನ್ನೂ ತಲುಪಿಲ್ಲ.) ಮೊದಲು ನೆರೆಯ ಮಾತು. ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ತುಂಗಭದ್ರಾ, 2009ರಲ್ಲಿ ಎರಡೂ ಉಕ್ಕಿದ್ದವು. ಆಮೇಲೆ ನೆರೆ ಸಂತ್ರಸ್ತರಿಗೆಂದು ಕಟ್ಟಿದ 'ಆಸರೆ' ಮನೆಗಳಲ್ಲಿ ದನ ಕಟ್ಟಲು ಜಾಗವಿಲ್ಲ, ಹೊಲ ದೂರ ಎಂದು ಎಷ್ಟೋ ಮಂದಿ ಹೊಳೆದಂಡೆಗೇ ಮರಳಿದರು. 'ಜನರಲ್ಲಿ ನದಿಯ ಭಯ ಕಡಿಮೆಯಾಗಿದೆ' ಎಂದು ಅದನ್ನು ಪ್ರಗತಿಯ ಕಾಲಮ್ಮಿಗೆ ಸೇರಿಸಲಾಯಿತು.

ಆಮೇಲೆ ಅಹಮದಾಬಾದಿನ ಸ್ಲೈಡು. 2010ರ ಬಿಸಿಗಾಳಿಯಲ್ಲಿ ಪೆಟ್ಟು ತಿಂದ ಆ ಊರು 2013ರಲ್ಲಿ ಬಿಸಿಲಿಗೆಂದೇ ಕ್ರಿಯಾಯೋಜನೆ ಮಾಡಿತು, ಮುಂದೆ ಬಡವರ ಚಾವಣಿಗೆ ಸುಣ್ಣವನ್ನೂ ಬಳಿಸಿತು. ಸುಣ್ಣವೇ? ಮುಂದಿನ ಸಾಲಿನಲ್ಲಿ ಮುಖಗಳು ಬಾಡಿದವು. ಅಷ್ಟು ಅಗ್ಗದ ಸಾಮಾನಿಗೆ ಟೆಂಡರ್ ಕರೆಯುವುದಾದರೂ ಹೇಗೆ?

ಹಿರಿಯರೊಬ್ಬರು ದಾರಿ ತೋರಿಸಿದರು: ಸುಣ್ಣ ಹೇಗೆ ಬಳಿಯುತ್ತಾರೆಂದು ನೋಡಿ ಬರಲು ಅಹಮದಾಬಾದಿಗೆ ಅಧ್ಯಯನ ಪ್ರವಾಸ. ಹೈದರಾಬಾದಿನಿಂದ ವಿಮಾನ. ಹೋಗುವುದು ಜನವರಿಯಲ್ಲಿ, ಆಗ ಅಲ್ಲಿ ಗಾಳಿಪಟದ ಹಬ್ಬ ಇರುತ್ತದಂತೆ.