ಅವರು ಕುಡಿದಿರಲಿಲ್ಲ

ಇವತ್ತು ಬೆಳಗ್ಗೆ ವಿರಾಜಪೇಟೆಯಿಂದ ಮಡಿಕೇರಿಗೆ ಬರುವ ಬಸ್ಸಿನಲ್ಲಿ ನಡೆದದ್ದು. ಸಿಟ್ಟು ಇನ್ನೂ ಇಳಿದಿಲ್ಲ.

ಮೂರ್ನಾಡಿನಲ್ಲಿ ಇಳಿಯಬೇಕಿದ್ದ ಹಿರಿಯರೊಬ್ಬರು ಬಾಗಿಲ ಹತ್ತಿರ ಬಂದು ನಿಂತುಬಿಟ್ಟರು. ಕಾಲು ಮುಂದಕ್ಕೆ ಬರುತ್ತಿಲ್ಲ. ಎಡಗೈಯ ಹೆಬ್ಬೆರಳು, ತೋರುಬೆರಳು ಗುಳಿಗೆ ಉರುಟುವ ಹಾಗೆ ಆಡುತ್ತಿದ್ದವು. ಕಂಡಕ್ಟರ್ "ಏನ್ ಅಜ್ಜಾ, ಬೆಳಗ್ಗೆನೇ ಹಾಕ್ಕೊಂಡ್ ಬಂದ್ರಾ? ಬೇಗ ಇಳೀರಿ" ಅಂದ. ಹಿಂದೆ ಯಾರೋ ನಕ್ಕರು. ಜೊತೆಗಿದ್ದ ಸೊಸೆ ತಲೆ ತಗ್ಗಿಸಿದರು.

ಅವರು ಕುಡಿದಿರಲಿಲ್ಲ. ಅದು ಪಾರ್ಕಿನ್ಸನ್ ಅನ್ನುವ ಮಿದುಳಿನ ಕಾಯಿಲೆ. ಬಸ್ಸಿಗೆಲ್ಲ ಕೇಳುವ ಹಾಗೆ ನಾನೇ ಹೇಳಿದೆ. ಆಮೇಲೆ ನನ್ನ ಕೊಡೆಯನ್ನು ಅವರ ಪಾದದ ಮುಂದೆ ಅಡ್ಡ ಇಟ್ಟು, "ಅಜ್ಜಾ, ಇದನ್ನ ದಾಟಿ ಬನ್ನಿ" ಅಂದೆ. ದಾಟಿದರು. ಸುಮ್ನೆ ನಡೆಯಲು ಆಗದ ಕಾಲು, ಎದುರಿಗೆ ದಾಟಲು ಏನಾದರೂ ಕಂಡರೆ ಎಷ್ಟೋ ಸಲ ಎದ್ದು ಬರುತ್ತದೆ. ಇದನ್ನು ನನಗೆ ಕಲಿಸಿದ್ದು ಅಪ್ಪನ ಕಾಯಿಲೆ.

ಅಪ್ಪನಿಗೂ ಇದೇ ಪಾರ್ಕಿನ್ಸನ್. ಹತ್ತು ವರ್ಷ ದಾಟಿತು. ಕೈ ನಡುಗುವುದಕ್ಕೆ ಎಷ್ಟೋ ಮೊದಲೇ ಅವರಿಗೆ ವಾಸನೆ ಹೋಗಿತ್ತು. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಅರಳಿದಾಗ "ಈ ಸಲ ಕಾಫಿ ಹೂವಿಗೆ ಘಮವೇ ಇಲ್ಲ" ಅನ್ನುತ್ತಿದ್ದರು. ನಾವು ಮಳೆಯನ್ನು ದೂರಿದೆವು. ಆಮೇಲೆ ಅಕ್ಷರ ಸಣ್ಣದಾಯಿತು. ಚೆಕ್ಕಿನ ಸಹಿ ಹೊಂದದೆ ವಾಪಸ್ ಬಂತು. ದನಿ ಇಳಿಯಿತು. ಮುಖದಲ್ಲಿ ನಗು ಮೂಡುವುದು ನಿಂತಿತು. ನೆಂಟರು "ಯಾಕೋ ಸಿಟ್ಟಲ್ಲಿದ್ದಾರೆ" ಅಂದರು. ಮೈಯ ಚಲನೆಗೆ ಬೇಕಾದ ಡೋಪಮಿನ್ ಅನ್ನುವ ರಾಸಾಯನಿಕವನ್ನು ಮಾಡುವ ಮಿದುಳಿನ ಜೀವಕೋಶಗಳು ಸಾಯುತ್ತಾ ಹೋಗುವ ಈ ಕಾಯಿಲೆಯಲ್ಲಿ ಹೀಗೆಲ್ಲ ಆಗುತ್ತದೆ ಅಂತ ಆಗ ನಮಗೂ ಗೊತ್ತಿರಲಿಲ್ಲ.

ಆ ಸೊಸೆಯ ಮೇಲೆ ನನಗೆ ಬೇಸರವಿಲ್ಲ. ನಾನೂ ಹಾಗೇ ಮಾಡಿದವಳು. ಚಿಕ್ಕಪ್ಪನ ಮಗಳ ಮದುವೆಯಲ್ಲಿ ಅಪ್ಪನನ್ನು ಮಂಟಪದ ಮೂಲೆಯ ಕುರ್ಚಿಯಲ್ಲಿ ಕೂರಿಸಿ, ಕೇಳಿದವರಿಗೆಲ್ಲ "ಸ್ವಲ್ಪ ಸುಸ್ತು" ಅಂದೆ. ಊಟದ ಎಲೆಯ ಮುಂದೆ ಅವರ ಕೈ ಕಾಣದಂತೆ ಅಡ್ಡ ಕೂತೆ. ಅವರಿಗೆ ಅದು ಗೊತ್ತಾಯಿತು. ಅವತ್ತು ಅವರು ಪೂರ್ತಿ ಊಟ ಮಾಡಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

"ಬಸ್ಸಲ್ಲಿ ಕುಡಿದವರೂ ಬರುತ್ತಾರೆ, ಕಂಡಕ್ಟರ್‌ಗೆ ಹೇಗೆ ಗೊತ್ತಾಗಬೇಕು?" ಅಂತ ಅಣ್ಣ ಫೋನಲ್ಲಿ ಕೇಳಿದ. ಸರಿ, ಗೊತ್ತಾಗುವುದಿಲ್ಲ. ನಾವು ಮನೆಯೊಳಗೆ ಬಚ್ಚಿಟ್ಟರೆ ಯಾರಿಗೆ ತಾನೇ ಗೊತ್ತಾಗುತ್ತದೆ? "ಮನೆ ವಿಷಯ ಬೀದಿಗೆ ಯಾಕೆ" ಅನ್ನುವ ದೊಡ್ಡಮ್ಮಂದಿರಿಗೂ ನನ್ನ ಉತ್ತರ ಇಷ್ಟೇ: ಬೀದಿಯಲ್ಲಿ ಈಗಾಗಲೇ ಕುಡುಕ ಅನ್ನುತ್ತಿದ್ದಾರಲ್ಲ! 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಪಾರ್ಕಿನ್ಸನ್ ಹೆಸರು ಹಾಕಿದೆ. ಕಾನೂನೇ ಬಾಯಿಬಿಟ್ಟು ಹೇಳಿರುವುದನ್ನು ನಾವು ಪಿಸುಗುಡುತ್ತಿದ್ದೇವೆ.

ಮುಚ್ಚಿಟ್ಟರೆ ಮಾನ ಮಾತ್ರ ಹೋಗುವುದಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳು ಹೋದಾಗ ಪಾರ್ಕಿನ್ಸನ್‌ಗೆ ಅಪ್ಪ ತಗೊಳ್ಳುವ ಲೆವೊಡೋಪಾ ಮಾತ್ರೆ ಎರಡು ದಿನದ್ದು ಮಾತ್ರ ಉಳಿದಿತ್ತು. ಆ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವ ಹಾಗಿಲ್ಲ, ಮೈ ಮರದ ಕೊರಡಾಗಿ ಜ್ವರ ಏರಿ ಜೀವಕ್ಕೇ ಕುತ್ತು ಬರಬಹುದು. ಮೆಡಿಕಲ್ ಶಾಪ್‌ನಲ್ಲಿ ಸ್ಟಾಕ್ ಇರಲಿಲ್ಲ. ನಾನು ಅಲ್ಲೇ ಅಳುತ್ತಾ ನಿಂತಿದ್ದಾಗ ಪಕ್ಕದಲ್ಲಿದ್ದ ಹೆಂಗಸೊಬ್ಬರು "ನಮ್ಮವರಿಗೂ ಅದೇ ಮಾತ್ರೆ" ಅಂದರು. ನಮ್ಮ ಮನೆಯಿಂದ ಮೂರೇ ಮೈಲಿ. ವರ್ಷಗಳಿಂದ ಅವರೂ ಮುಚ್ಚಿಟ್ಟಿದ್ದರು, ನಾವೂ ಮುಚ್ಚಿಟ್ಟಿದ್ದೆವು. ಡಾಕ್ಟರಿಗೆ ಫೋನ್ ಮಾಡಿ ಡೋಸ್ ಕೇಳಿಕೊಂಡು ಎರಡು ಸ್ಟ್ರಿಪ್ ಕೊಟ್ಟರು. ಆ ಅಕ್ಕನಿಂದಲೇ ನಮ್ಮ ಭಾನುವಾರದ ಕೂಟ ಶುರುವಾಗಿದ್ದು.

ಈಗ ಪಾರ್ಕಿನ್ಸನ್ ಇರುವ ಏಳು ಮನೆಯವರು ನಮ್ಮ ಮನೆಯಲ್ಲಿ ಸೇರುತ್ತೇವೆ. ಮೊಟ್ಟೆ, ಮೀನು, ಬೇಳೆ ಜೊತೆಗೆ ಮಾತ್ರೆ ನುಂಗಿದರೆ ಅದು ಸರಿಯಾಗಿ ಮೈಗೆ ಹತ್ತುವುದಿಲ್ಲ, ಊಟಕ್ಕೆ ಅರ್ಧ ಗಂಟೆ ಮುಂಚೆ ತಗೊಳ್ಳಬೇಕು. ಇಂಥದ್ದನ್ನು ಅಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ. ಮೈಸೂರಿಗೆ ಒಂದೇ ದಿನ ಅಪಾಯಿಂಟ್‌ಮೆಂಟ್ ಸಿಕ್ಕರೆ ಒಂದೇ ಗಾಡಿಯಲ್ಲಿ ಹೋಗುತ್ತೇವೆ. ಹೋದ ತಿಂಗಳು ಯಾರೋ ಮೊಬೈಲಿನಲ್ಲಿ ವಾಲಗ ಹಾಕಿದರು. ಅಡುಗೆಮನೆ ಹೊಸಿಲಲ್ಲಿ ಅಂಟಿಕೊಂಡು ನಿಂತಿದ್ದ ಅಪ್ಪ, ಆ ತಾಳಕ್ಕೆ ಕೈ ಎತ್ತಿ ನಾಲ್ಕು ಹೆಜ್ಜೆ ಕುಣಿದೇ ಬಿಟ್ಟರು. ನಾನು ಒಳಗೆ ಹೋಗಿ ಅತ್ತೆ.

ಬಸ್ಸಿನ ಆ ಸೊಸೆ ಇಳಿಯುವಾಗ ನನ್ನ ನಂಬರ್ ಬರೆದುಕೊಂಡರು. ಈ ಭಾನುವಾರ ಬರುತ್ತಾರಂತೆ. ನಿಮ್ಮ ಮನೆಯಲ್ಲೂ ಯಾರನ್ನಾದರೂ ಮೂಲೆಯ ಕುರ್ಚಿಯಲ್ಲಿ ಕೂರಿಸಿದ್ದರೆ ಕರೆದುಕೊಂಡು ಬನ್ನಿ. ಹನ್ನೊಂದರ ಮೇಲೆ ಬನ್ನಿ. ಅಪ್ಪನ ಮಾತ್ರೆ ಹತ್ತೂವರೆಗೆ, ಅದು ಹತ್ತಿದ ಮೇಲೆ ಬಾಗಿಲಿಗೆ ಅವರೇ ಬರುತ್ತಾರೆ.